ವಿದ್ಯುತ್ ವಾಹನ ಹಳ್ಳಿಗೆ ಬಂದಾಗ: ಟಿ.ಸಿ. ಹೊರೆ ತಾಳುವುದೇ?

ಪೆಟ್ರೋಲಿನ ಬದಲು ಕರೆಂಟಿನಿಂದ ಓಡುವ ವಾಹನಗಳು ಪೇಟೆಯ ರಸ್ತೆ ದಾಟಿ ಹಳ್ಳಿಯ ದಾರಿಗೂ ಬಂದಿವೆ. ಡೇರಿಗೆ ಹಾಲಿನ ಕ್ಯಾನು ಒಯ್ಯುವವರು, ಸಂತೆಗೆ ತರಕಾರಿ ಸಾಗಿಸುವ ಗೂಡ್ಸ್ ಆಟೋದವರು ಇವುಗಳತ್ತ ನೋಡುತ್ತಿದ್ದಾರೆ. ಕೊಳ್ಳಬೇಕೆಂದಿರುವ ರೈತರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಎಷ್ಟು ದೂರ ಓಡುತ್ತದೆ, ಬ್ಯಾಟರಿ ಎಷ್ಟು ವರ್ಷ ಬರುತ್ತದೆ. ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಅಂಗಡಿಯಲ್ಲಿ ಕೇಳಿ ಪ್ರಯೋಜನವಿಲ್ಲ, ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿನಲ್ಲಿ ಕೇಳಬೇಕು. ನಮ್ಮೂರಿನ ಟಿ.ಸಿ. ಈ ಹೊಸ ಹೊರೆಯನ್ನು ತಾಳುವುದೇ ಎಂಬುದೇ ಆ ಪ್ರಶ್ನೆ.

ಖರ್ಚಿನ ಮಾತು ಮೊದಲು ಮುಗಿಸೋಣ. ಪೆಟ್ರೋಲ್ ಸ್ಕೂಟರು 100 ಕಿಲೋಮೀಟರ್ ಓಡಲು ಸುಮಾರು 2 ಲೀಟರ್ ಕುಡಿಯುತ್ತದೆ. ಅಷ್ಟೇ ದೂರಕ್ಕೆ ವಿದ್ಯುತ್ ಸ್ಕೂಟರಿಗೆ ಸುಮಾರು ಮೂರೂವರೆ ಯೂನಿಟ್ ಸಾಕು. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 25 ರೂಪಾಯಿ ದಾಟುವುದಿಲ್ಲ. ಬ್ಯಾಟರಿ ಸವೆದಾಗ ದೊಡ್ಡ ಖರ್ಚು ಬರುತ್ತದೆ ಎಂಬುದನ್ನು ಮರೆಯಬಾರದು. ಆದರೂ ದಿನವೂ ಓಡಾಟವಿರುವವರಿಗೆ ಲೆಕ್ಕ ಹೊಂದುತ್ತದೆ.

ಇನ್ನು ಹೊರೆಯ ವಿಚಾರ. ಇದನ್ನು ಕಿಲೋವಾಟಿನಲ್ಲಿ ಹೇಳುವುದಕ್ಕಿಂತ ರೈತರಿಗೆ ಗೊತ್ತಿರುವ ಎಚ್.ಪಿ.ಯಲ್ಲಿ ಹೇಳುವುದು ಮೇಲು. ಒಂದು ಎಚ್.ಪಿ. ಎಂದರೆ 746 ವಾಟ್. ಸ್ಕೂಟರಿನ ಮನೆ ಚಾರ್ಜರು ಹೆಚ್ಚುಕಡಿಮೆ ಇಷ್ಟೇ ಎಳೆಯುತ್ತದೆ. ಅಂದರೆ ಸ್ಕೂಟರನ್ನು ಪ್ಲಗ್ಗಿಗೆ ಹಾಕುವುದೂ ಒಂದು ಎಚ್.ಪಿ. ಮೋಟಾರನ್ನು ನಾಲ್ಕೈದು ತಾಸು ಓಡಿಸುವುದೂ ಒಂದೇ. ಗೂಡ್ಸ್ ಆಟೋ ಅಥವಾ ಕಾರನ್ನು 15 ಆಂಪಿಯರ್ ಪ್ಲಗ್ಗಿಗೆ ಹಾಕಿದರೆ ಹೊರೆ ಸುಮಾರು 3 ಕಿಲೋವಾಟ್, ಅದು 4 ಎಚ್.ಪಿ. ಪಂಪಿಗೆ ಸಮ. ಹೆದ್ದಾರಿ ಬದಿಯ 60 ಕಿಲೋವಾಟಿನ ವೇಗದ ಚಾರ್ಜರು ಮಾತ್ರ 80 ಎಚ್.ಪಿ.! ಅದಕ್ಕೆ ಬೇರೆಯೇ ಟಿ.ಸಿ. ಬೇಕು.

ಈಗ 40 ಮನೆಗಳ ಊರೊಂದಕ್ಕೆ 25 ಕೆ.ವಿ.ಎ. ಟಿ.ಸಿ. ಇದೆ ಎಂದು ತಿಳಿಯಿರಿ. ಅದು ನಿಜವಾಗಿ ಕೊಡಬಲ್ಲದ್ದು ಸುಮಾರು 22 ಕಿಲೋವಾಟ್. ಸಂಜೆ ದೀಪ, ಟಿ.ವಿ., ಫ್ಯಾನು, ಮಿಕ್ಸಿ ಎಲ್ಲ ಸೇರಿ ಮನೆಗೆ ಅರ್ಧ ಕಿಲೋವಾಟ್ ಎಂದರೂ ಅಲ್ಲಿಗೇ 20 ಆಯಿತು. ಅದೇ ಹೊತ್ತಿಗೆ ಆರು ಮನೆಯವರು ಸ್ಕೂಟರು ಚಾರ್ಜಿಗೆ ಹಾಕಿದರೆ ಟಿ.ಸಿ. ಮಿತಿ ಮೀರಿತು. ಮೊದಲು ವೋಲ್ಟೇಜ್ ಇಳಿಯುತ್ತದೆ, ಆಮೇಲೆ ಫ್ಯೂಸ್ ಹೋಗುತ್ತದೆ, ಹೀಗೇ ನಡೆದರೆ ಒಂದು ದಿನ ಟಿ.ಸಿ.ಯೇ ಸುಡುತ್ತದೆ. ಸ್ಕೂಟರು ಕೊಂಡವರು ಆರು ಮನೆಯವರಾದರೂ ಕತ್ತಲಲ್ಲಿ ಕೂರುವವರು 40 ಮನೆಯವರು.

ಪಂಪ್‌ಸೆಟ್ಟಿನ ವಿಷಯದಲ್ಲಿ ಇದನ್ನು ನಾವು ಕಂಡೇ ಇದ್ದೇವೆ. 3 ಎಚ್.ಪಿ.ಗೆ ಮಂಜೂರಾತಿ ಪಡೆದು 5 ಎಚ್.ಪಿ. ಮೋಟಾರು ಕೂರಿಸಿದವರು ಯಾವ ಊರಿನಲ್ಲಿಲ್ಲ? ಕಾಗದದಲ್ಲಿ ಒಂದು ಲೋಡು, ಲೈನಿನ ಮೇಲೆ ಇನ್ನೊಂದು. ಟಿ.ಸಿ. ಸುಟ್ಟು ಬದಲಿ ಬರುವುದರೊಳಗೆ ಪೈರು ಒಣಗಿತು. ತಪ್ಪು ರೈತರದ್ದು ಮಾತ್ರವಲ್ಲ, ಹೊರೆ ಬೆಳೆಯುತ್ತಿರುವುದನ್ನು ಕಂಡೂ ಸುಮ್ಮನಿದ್ದ ಇಲಾಖೆಯದ್ದೂ ಹೌದು. ಮನೆಯ ಮಂಜೂರಾದ ಲೋಡು ದಾಖಲೆಯಲ್ಲಿ 1 ಕಿಲೋವಾಟ್ ಎಂದೇ ಇದ್ದರೆ ಕಂಪನಿಯ ಲೆಕ್ಕಕ್ಕೆ ಸ್ಕೂಟರು ಬರುವುದೇ ಇಲ್ಲ, ದೊಡ್ಡ ಟಿ.ಸಿ. ಕೇಳಲು ಆಧಾರವೂ ಇರುವುದಿಲ್ಲ. ಆದ್ದರಿಂದ ವಾಹನ ಮನೆಗೆ ಬರುವ ಮುನ್ನವೇ ಆರ್.ಆರ್. ನಂಬರು ಹಾಕಿ ಲೋಡು ಹೆಚ್ಚಿಸಲು ಅರ್ಜಿ ಕೊಡತಕ್ಕದ್ದು. ಒಬ್ಬರು ಕೊಟ್ಟ ಅರ್ಜಿಗಿಂತ ಹತ್ತು ಮನೆಯವರು ಒಟ್ಟಿಗೆ ಕೊಟ್ಟ ಅರ್ಜಿಗೆ ತೂಕ ಹೆಚ್ಚು.

ನಮ್ಮ ರಾಜ್ಯದಲ್ಲಿ ಈ ಕೆಲಸದಲ್ಲಿ ವಿದ್ಯುತ್ ಕಂಪನಿಯ ಪಾತ್ರ ದೊಡ್ಡದು. (ಹಳ್ಳಿಯಲ್ಲಿ ಈಗಲೂ ಕೆ.ಇ.ಬಿ. ಎಂದೇ ಹೇಳುತ್ತಾರೆ. 2002ರಿಂದ ವಿತರಣೆ ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೆಸ್ಕಾಂ ಕೈಯಲ್ಲಿದೆ. ಮೈಸೂರು ಭಾಗದ ಚಾಮುಂಡೇಶ್ವರಿ ಕಂಪನಿ ಆಮೇಲೆ ಬೇರೆಯಾಯಿತು.) 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ಧೋರಣೆ ಪ್ರಕಟಿಸಿದ ಮೊದಲ ರಾಜ್ಯ ಕರ್ನಾಟಕ. ಚಾರ್ಜಿಂಗ್ ವ್ಯವಸ್ಥೆಗೆ ಬೆಸ್ಕಾಂ ರಾಜ್ಯದ ನೋಡಲ್ ಸಂಸ್ಥೆ. ಪೇಟೆಗಳಲ್ಲಿ ಅದು ಚಾರ್ಜಿಂಗ್ ಕೇಂದ್ರಗಳನ್ನು ತೆರೆದಿದೆ. ಹಳ್ಳಿಗೆ ಬೇಕಾದದ್ದು ಮಾತ್ರ ಬೇರೆ ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ವಾಹನ ರಾತ್ರಿ ಮನೆಯಂಗಳದಲ್ಲೇ ನಿಲ್ಲುತ್ತದೆ. ಆದ್ದರಿಂದ ನಮಗೆ ಥಳಕಿನ ಕೇಂದ್ರಕ್ಕಿಂತ ಸರಿಯಾದ ಟಿ.ಸಿ., ಬಿಗಿಯಾದ ತಂತಿ ಮತ್ತು ಲೈನಿನ ಕೊನೆಯ ಮನೆಗೂ ನಿಲ್ಲುವ ವೋಲ್ಟೇಜ್ ಮುಖ್ಯ.

ಕೆಲವರು ಪಂಪ್‌ಹೌಸಿನ ಬೋರ್ಡಿನಿಂದಲೇ ವೈರು ಎಳೆದು ಸ್ಕೂಟರು ಚಾರ್ಜು ಮಾಡಿಕೊಳ್ಳಬಹುದಲ್ಲ ಎಂದು ಯೋಚಿಸುತ್ತಾರೆ. ಇದು ಬೇಡವೇ ಬೇಡ. 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾಗಿರುವುದು ನೀರಾವರಿಗೆಂದು. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನ ಪ್ರಕಾರ ಅನ್ವಯವಾಗುವ ದರದ ಎರಡು ಪಟ್ಟು ವಸೂಲು ಮಾಡಬಹುದು. ಎಂದಿನಿಂದ ಬಳಸಿದ್ದೆಂದು ತಿಳಿಯದಿದ್ದರೆ ಹಿಂದಿನ 12 ತಿಂಗಳಿಗೂ ಲೆಕ್ಕ ಹಾಕುತ್ತಾರೆ. ಅದೂ ಅಲ್ಲದೆ ಪಂಪ್‌ಸೆಟ್ಟಿನ ಲೈನಿನಲ್ಲಿ ವೋಲ್ಟೇಜ್ ಏರಿಳಿಯುತ್ತದೆ, ಚಾರ್ಜರು ಅದಕ್ಕೇ ಕೆಡುತ್ತದೆ.

ಗೃಹಜ್ಯೋತಿಯ ಲೆಕ್ಕವನ್ನೂ ನೋಡಿಕೊಳ್ಳಬೇಕು. 2023ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಸಾಮಾನ್ಯವಾಗಿ 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10 ಉಚಿತ. ಅದಕ್ಕಿಂತ ಹೆಚ್ಚು ಉರಿಸಿದ್ದಕ್ಕೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ದಿನಕ್ಕೆ 40 ಕಿಲೋಮೀಟರ್ ಓಡುವ ಸ್ಕೂಟರಿಗೆ ತಿಂಗಳಿಗೆ 40ರಿಂದ 45 ಯೂನಿಟ್ ಬೇಕು. ತಿಂಗಳಿಗೆ 70 ಯೂನಿಟ್ ಉರಿಸುವ ಮನೆಗೆ ಇದರಿಂದ ಸಣ್ಣ ಬಿಲ್ಲು ಬಂದೀತು, ಅಷ್ಟೇ. ಆದರೆ ಈಗಾಗಲೇ 165 ಯೂನಿಟ್ ಉರಿಸುವ ಕೂಡು ಕುಟುಂಬಕ್ಕೆ ಸ್ಕೂಟರು ಬಂದ ತಿಂಗಳೇ ಉಚಿತ ಕೈತಪ್ಪುತ್ತದೆ. ಕೊಳ್ಳುವ ಮುಂಚೆ ಒಂದು ವರ್ಷದ ಬಿಲ್ಲುಗಳನ್ನು ತೆಗೆದು ನೋಡುವುದು ಒಳ್ಳೆಯದು.

ಚಾರ್ಜು ಮಾಡುವ ಹೊತ್ತೂ ಮುಖ್ಯ. ಪಾವಗಡ ತಾಲ್ಲೂಕಿನಲ್ಲಿ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕು ಇರುವುದು ನಿಮಗೆ ತಿಳಿದಿರಬಹುದು. ಇಂಥವುಗಳಿಂದಾಗಿ ರಾಜ್ಯದಲ್ಲಿ ಹಗಲಿನಲ್ಲಿ ಸೌರ ವಿದ್ಯುತ್ ಹೇರಳ. ಬಿಸಿಲು ಇಳಿದ ಮೇಲೆ, ಎಲ್ಲ ಮನೆಯ ದೀಪ ಹೊತ್ತುವ ಹೊತ್ತಿಗೆ, ಅದು ಇರುವುದಿಲ್ಲ. ಸಂಜೆ ಏಳಕ್ಕೆ ಪ್ಲಗ್ಗಿಗೆ ಹಾಕುವುದೆಂದರೆ ಅತಿ ಕೆಟ್ಟ ವೇಳೆ ಆರಿಸಿದಂತೆ. ಡೇರಿಗೆ ಹಾಲು ಹಾಕುವವರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗುತ್ತಾರೆ, ನಡುವೆ ಸ್ಕೂಟರು ಬಿಡುವಾಗಿಯೇ ಇರುತ್ತದೆ. 11 ಗಂಟೆಯಿಂದ 4 ಗಂಟೆಯೊಳಗೆ ಚಾರ್ಜು ಮಾಡಿಕೊಂಡರೆ ಟಿ.ಸಿ.ಗೂ ಹಗುರ. ಹಗಲು ಆಗದಿದ್ದರೆ ಊರು ಮಲಗಿದ ಮೇಲೆ ಹಾಕಬಹುದು.

ಹಾಲು ಉತ್ಪಾದಕರ ಸಂಘವೋ ಕೃಷಿ ಪತ್ತಿನ ಸಂಘವೋ ತನ್ನ ಕಟ್ಟಡದಲ್ಲೇ ನಾಲ್ಕು ಪ್ಲಗ್ಗಿನ ಚಾರ್ಜಿಂಗ್ ಕೇಂದ್ರ ಇಡುವುದಾದರೆ ಇನ್ನೂ ಅನುಕೂಲ. ವಾಹನಕ್ಕೆ ಚಾರ್ಜು ಮಾಡಿಕೊಡುವುದು ಸೇವೆಯೇ ಹೊರತು ವಿದ್ಯುತ್ ಮಾರಾಟವಲ್ಲ, ಲೈಸೆನ್ಸ್ ಬೇಕಿಲ್ಲ ಎಂದು ಕೇಂದ್ರ ವಿದ್ಯುತ್ ಮಂತ್ರಾಲಯ 2018ರಲ್ಲೇ ಸ್ಪಷ್ಟಪಡಿಸಿದೆ. ಇದಕ್ಕೆ ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಪ್ರತ್ಯೇಕ ದರವನ್ನೂ ಗೊತ್ತುಮಾಡಿದೆ. ಸಂಘದವರು ಆ ದರದಲ್ಲಿ ಬೇರೆ ಮೀಟರು ಕೇಳಿ ಪಡೆಯಬೇಕು. ಹಾಲು ಶೀತಲೀಕರಣದ ಯಂತ್ರಕ್ಕೆಂದು ಮೂರು ಫೇಸಿನ ಲೈನು ಇರುವ ಸಂಘಗಳಿಗೆ ಈ ಕೆಲಸ ಸುಲಭ.

ಮನೆಯ ವೈರಿಂಗಿನ ಬಗ್ಗೆ ಒಂದೆರಡು ಮಾತು. ಒಂದು ಬಲ್ಬಿಗೆಂದು ಎಳೆದ ಭಾಗ್ಯಜ್ಯೋತಿಯ ತೆಳು ವೈರಿಗೆ ಚಾರ್ಜರು ಸಿಕ್ಕಿಸಬಾರದು, ವೈರು ಕಾಯುತ್ತದೆ. ಮೀಟರಿನಿಂದ ಬೇರೆ ದಪ್ಪ ವೈರು, 15 ಆಂಪಿಯರ್ ಪ್ಲಗ್ಗು ಮತ್ತು ಇ.ಎಲ್.ಸಿ.ಬಿ. ಹಾಕಿಸಬೇಕು. ಮೋಟಾರಿಗೆ ಮಾಡುವಂತೆ ಇದ್ದಲು ಉಪ್ಪು ತುಂಬಿದ ಅರ್ಥಿಂಗ್ ಗುಂಡಿ ತೆಗೆಸಿ, ಬೇಸಿಗೆಯಲ್ಲಿ ಅದಕ್ಕೆ ಆಗಾಗ ನೀರು ಹೊಯ್ಯಬೇಕು. ಹುಲ್ಲಿನ ಬಣವೆಯ ಪಕ್ಕ, ದನದ ಕೊಟ್ಟಿಗೆ, ಜನ ಮಲಗುವ ಪಡಸಾಲೆ, ಇವು ಚಾರ್ಜು ಮಾಡುವ ಜಾಗವಲ್ಲ. ಬಿಸಿಲಿನಲ್ಲಿ ಓಡಿ ಬಂದ ವಾಹನದ ಬ್ಯಾಟರಿ ಆರುವವರೆಗೆ ಅರ್ಧ ತಾಸು ನೆರಳಿನಲ್ಲಿ ನಿಲ್ಲಿಸಿ ಆಮೇಲೆ ಪ್ಲಗ್ಗಿಗೆ ಹಾಕಿರಿ. ಕಂಬದಲ್ಲಿ ಕಿಡಿ ಕಂಡರೆ ಅಥವಾ ಟಿ.ಸಿ.ಯಿಂದ ಎಣ್ಣೆ ಸೋರಿದರೆ ತಾವೇ ಮುಟ್ಟಲು ಹೋಗದೆ 1912ಕ್ಕೆ ಫೋನು ಮಾಡಿ, ಕೊಡುವ ದೂರಿನ ನಂಬರನ್ನು ಬರೆದಿಟ್ಟುಕೊಳ್ಳಿ.