ಕೊಲೊನೋಸ್ಕೋಪಿ: ಕೊಳವೆ ಒಂದೇ, ಕಣ್ಣು ಬೇರೆ

ಮಲದಲ್ಲಿ ರಕ್ತ ಕಂಡರೆ ‘ಮೂಲವ್ಯಾಧಿ ಇರಬೇಕು, ಉಷ್ಣ’ ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ದೊಡ್ಡ ಕರುಳಿನ ಪಾಲಿಪ್‌ನಿಂದಲೂ ರಕ್ತ ಬರಬಹುದು. ಪಾಲಿಪ್ ಎಂದರೆ ಕರುಳಿನ ಒಳಪೊರೆಯ ಮೇಲೆ ಬೆಳೆಯುವ ಸಣ್ಣ ಗಂಟು. ಹಲವು ನಿರಪಾಯಕಾರಿ. ‘ಅಡಿನೋಮ’ ಎಂಬ ಬಗೆಯ ಕೆಲವು ಮಾತ್ರ ಸುಮಾರು ಹತ್ತು ವರ್ಷಗಳಲ್ಲಿ ಕ್ಯಾನ್ಸರ್ ಆಗಿ ಮಾರ್ಪಡಬಲ್ಲವು. ಕೊಲೊನೋಸ್ಕೋಪಿ ಮಾಡುವಾಗಲೇ ಇವನ್ನು ತೆಗೆದುಹಾಕಬಹುದು. ಆದರೆ ಮೊದಲು ಅವು ವೈದ್ಯರ ಕಣ್ಣಿಗೆ ಬೀಳಬೇಕು.

<b>ತಾಳ್ಮೆಯ ಕೆಲಸ</b>

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ, ಒಳಗೆಲ್ಲ ಮಡಿಕೆಗಳು. ವೈದ್ಯರು ಕ್ಯಾಮೆರಾ ಇರುವ ಕೊಳವೆಯನ್ನು ಕರುಳಿನ ಆ ತುದಿಯವರೆಗೆ ಒಯ್ದು, ನಿಧಾನವಾಗಿ ಹಿಂದೆಳೆಯುತ್ತಾ ಪ್ರತಿ ಮಡಿಕೆಯ ಹಿಂಬದಿಯನ್ನೂ ನೋಡಬೇಕು. ಅವಸರ ಮಾಡಿದರೆ ಚಪ್ಪಟೆ ಪಾಲಿಪ್‌ಗಳು ತಪ್ಪಿಹೋಗುತ್ತವೆ.

2006ರಲ್ಲಿ ಅಮೆರಿಕದ 12 ತಜ್ಞರ ಕೆಲಸವನ್ನು ಹೋಲಿಸಿ ನೋಡಲಾಯಿತು. ಹಿಂದೆಳೆಯಲು ಸರಾಸರಿ 6 ನಿಮಿಷ ಅಥವಾ ಹೆಚ್ಚು ತೆಗೆದುಕೊಂಡವರು ನೂರರಲ್ಲಿ 28 ಮಂದಿಯಲ್ಲಿ ಇಂಥ ಬೆಳವಣಿಗೆ ಪತ್ತೆ ಮಾಡಿದರು. ಬೇಗ ಮುಗಿಸಿದವರು 12 ಮಂದಿಯಲ್ಲಿ ಮಾತ್ರ. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 136 ವೈದ್ಯರ ಮೂರು ಲಕ್ಷಕ್ಕೂ ಹೆಚ್ಚು ಪರೀಕ್ಷೆಗಳನ್ನು ಪರಿಶೀಲಿಸಿತು. ಅಡಿನೋಮ ಪತ್ತೆಯ ಪ್ರಮಾಣ ಒಬ್ಬರಲ್ಲಿ ಶೇ 7, ಮತ್ತೊಬ್ಬರಲ್ಲಿ ಶೇ 52! ಈ ಪ್ರಮಾಣ ಶೇ 1ರಷ್ಟು ಹೆಚ್ಚಿದಂತೆ ರೋಗಿಗೆ ಮುಂದೆ ಕರುಳಿನ ಕ್ಯಾನ್ಸರ್ ಬರುವ ಸಂಭವ ಶೇ 3ರಷ್ಟು ತಗ್ಗಿತ್ತು. ಅಮೆರಿಕದ ತಜ್ಞ ಸಂಘಗಳು 2024ರಲ್ಲಿ ಹಿಂದೆಳೆಯುವ ಸಮಯವನ್ನು ಸರಾಸರಿ 8 ನಿಮಿಷಕ್ಕೆ ಏರಿಸಿವೆ.

<b>ರೋಗಿಯ ಪಾಲು</b>

ಕರುಳು ಶುಚಿಯಾಗದಿದ್ದರೆ ಎಂಥ ನಿಪುಣರಿಗೂ ಪಾಲಿಪ್ ಕಾಣದು. ಭೇದಿಯ ಔಷಧವನ್ನು ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಯ ದಿನ ಬೆಳಿಗ್ಗೆ ಕುಡಿದರೆ ಕರುಳು ಚೆನ್ನಾಗಿ ಶುಚಿಯಾಗುತ್ತದೆ. ನಾಯಕನಹಟ್ಟಿಯಂಥ ಊರಿನಿಂದ ದಾವಣಗೆರೆಗೋ ಬೆಂಗಳೂರಿಗೋ ಹೋಗುವವರಿಗೆ ಇಲ್ಲೇ ತೊಡಕು. ಬಸ್ಸಿನಲ್ಲಿ ಕುಳಿತು ಭೇದಿ ಔಷಧ ಕುಡಿಯಲಾದೀತೆ? ಆದ್ದರಿಂದ ಹಿಂದಿನ ದಿನವೇ ಹೋಗಿ ಆಸ್ಪತ್ರೆಯ ಸಮೀಪ ತಂಗುವುದು ಲೇಸು. ಪರೀಕ್ಷೆಯ ಹಿಂದಿನ ದಿನ ಚಳ್ಳಕೆರೆ ಸೀಮೆಯ ಶೇಂಗಾ, ರಾಗಿಮುದ್ದೆ, ನವಣೆ, ಸೊಪ್ಪು ಬೇಡ. ಅನ್ನದ ಗಂಜಿ, ತಿಳಿ ಮಜ್ಜಿಗೆಯಂಥ ಹಗುರ ಆಹಾರದಲ್ಲಿ ಯಾವುದನ್ನು ಎಷ್ಟು ಹೊತ್ತಿನವರೆಗೆ ಸೇವಿಸಬಹುದೆಂದು ವೈದ್ಯರನ್ನು ಕೇಳಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮೊದಲೇ ತಿಳಿಸಬೇಕು.

<b>ಕೇಳಲು ಸಂಕೋಚ ಬೇಡ</b>

ವರದಿ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿ: ಕೊಳವೆ ಕರುಳಿನ ಕೊನೆಯವರೆಗೆ ಹೋಯಿತೆ? ಕರುಳು ಶುಚಿಯಾಗಿತ್ತೆ? ಹಿಂದೆಳೆಯುತ್ತಾ ಎಷ್ಟು ನಿಮಿಷ ನೋಡಿದಿರಿ? ಒಳ್ಳೆಯ ವೈದ್ಯರು ಇದರಿಂದ ಬೇಸರಪಡುವುದಿಲ್ಲ.

‘ಏನೂ ಇಲ್ಲ’ ಎಂಬ ವರದಿ ಬಂದ ಮೇಲೂ ರಕ್ತ ಹೋಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಮಲವಿಸರ್ಜನೆಯ ರೂಢಿ ಬದಲಾಗುವುದು ಮುಂದುವರಿದರೆ ಮತ್ತೆ ವೈದ್ಯರನ್ನು ಕಾಣಿರಿ.