ಬಿಯರಿನ ನಲ್ಲಿಯೂ ಶೈತ್ಯದ ಸಮಸ್ಯೆಯೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮನೆಯೊಳಗೇ ಒಂದು ಸಣ್ಣ ಪಾನಗೃಹವನ್ನು ಏರ್ಪಡಿಸಿಕೊಳ್ಳುವುದು ಅನೇಕರಿಗೆ ಪ್ರಿಯವಾದ ಹವ್ಯಾಸ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ಸಹಿ ಮಾಡಿದ ಶಾಸನವು ಸ್ವಂತ ಉಪಯೋಗಕ್ಕಾಗಿ ಮನೆಯಲ್ಲಿ ಬಿಯರ್ ತಯಾರಿಸುವುದಕ್ಕೆ ಕೇಂದ್ರ ಸರ್ಕಾರದ ಅಡ್ಡಿಯನ್ನು ನಿವಾರಿಸಿದ ಮೇಲೆ ಈ ಹವ್ಯಾಸ ಬಹುವಾಗಿ ಹಬ್ಬಿತು. ಹಳೆಯದೊಂದು ರೆಫ್ರಿಜರೇಟರ್, ಅದರೊಳಗೆ 19 ಲೀಟರಿನ ಉಕ್ಕಿನ ಪೀಪಾಯಿ, ಇಂಗಾಲಾಮ್ಲ ವಾಯುವಿನ ಉರುಳೆ, ರೆಫ್ರಿಜರೇಟರಿನ ನೆತ್ತಿಯ ಮೇಲೆ ಒಂದು ಲೋಹಸ್ತಂಭ, ಸ್ತಂಭದ ತುದಿಯಲ್ಲಿ ನಲ್ಲಿ: ಇದಿಷ್ಟೇ ಸಲಕರಣೆ. ಇದನ್ನು ಹೂಡಿದವರೆಲ್ಲರೂ ಸ್ವಲ್ಪ ಕಾಲದಲ್ಲಿಯೇ ಒಂದು ತೊಡಕನ್ನು ಎದುರಿಸುತ್ತಾರೆ. ಪೀಪಾಯಿಯಲ್ಲಿ ಪಾನೀಯವು ಚೆನ್ನಾಗಿ ತಣ್ಣಗಿದ್ದರೂ ಬಹಳ ಹೊತ್ತಿನ ಮೇಲೆ ನಲ್ಲಿಯನ್ನು ತಿರುಗಿಸಿದಾಗ ಮೊದಲನೆಯ ಲೋಟ ಬರಿಯ ನೊರೆಯಿಂದ ತುಂಬುತ್ತದೆ. ಎರಡನೆಯದರಲ್ಲಿ ನೊರೆ ಇಳಿಯುತ್ತದೆ, ಮೂರನೆಯದು ಸರಿಯಾಗಿರುತ್ತದೆ. ಒಂದು ಗಂಟೆ ಬಿಟ್ಟು ಪುನಃ ತಿರುಗಿಸಿದರೆ ಮತ್ತೆ ಅದೇ ಕಥೆ.

ಪಾನದ ಯುಕ್ತಾಯುಕ್ತತೆ ಈ ಲೇಖನದ ವಿಷಯವಲ್ಲ. ಪದವಿ ತರಗತಿಗಳಲ್ಲಿ ನಾವು ಬೇರೆ ಬೇರೆ ಅಧ್ಯಾಯಗಳಲ್ಲಿ ಬೋಧಿಸುವ ಹೆನ್ರಿಯ ನಿಯಮ, ವಿಶಿಷ್ಟೋಷ್ಣ, ಉಷ್ಣವಹನ, ಮೇಲ್ಮೈ ಸೆಳೆತ, ಕೊಳವೆಯಲ್ಲಿ ದ್ರವದ ಹರಿವು ಇವೆಲ್ಲವೂ ಈ ಒಂದು ಲೋಟ ನೊರೆಯಲ್ಲಿ ಒಟ್ಟಿಗೆ ಸಂಧಿಸುತ್ತವೆ ಎಂಬುದೇ ನಮ್ಮ ಆಸಕ್ತಿಗೆ ಕಾರಣ. ಹಾಗೆ ನೋಡಿದರೆ ಭೌತವಿಜ್ಞಾನಕ್ಕೂ ಬಿಯರಿನ ಭಟ್ಟಿಗೂ ನಂಟು ಹಳೆಯದು. ಜೋಸೆಫ್ ಪ್ರೀಸ್ಟ್ಲಿಯು 1767ರಲ್ಲಿ ಲೀಡ್ಸ್ ನಗರಕ್ಕೆ ಬಂದು ಒಂದು ಬಿಯರ್ ತಯಾರಿಕಾಗಾರದ ಪಕ್ಕದಲ್ಲಿ ವಾಸಿಸತೊಡಗಿದನು. ಅಲ್ಲಿಯ ತೊಟ್ಟಿಗಳ ಮೇಲೆ ನಿಂತಿರುತ್ತಿದ್ದ ವಾಯುವೇ ಅವನ ಪ್ರಯೋಗಗಳಿಗೆ ಮೊದಲ ಸಾಮಗ್ರಿಯಾಯಿತು. ಆ ವಾಯುವನ್ನು ನೀರಿನಲ್ಲಿ ಕರಗಿಸುವ ವಿಧಾನವನ್ನು ಅವನು 1772ರಲ್ಲಿ ಪ್ರಕಟಿಸಿದನು. ಉಷ್ಣಕ್ಕೂ ಕಾರ್ಯಕ್ಕೂ ಇರುವ ಸಂಬಂಧವನ್ನು ಅಳೆದ ಜೂಲ್ ಮಹಾಶಯನು ಬಿಯರ್ ತಯಾರಕನ ಮಗ. ಜರ್ಮನಿಯ ಲಿಂಡೆಯ ಶೈತ್ಯಯಂತ್ರಗಳನ್ನು 1870ರ ದಶಕದಲ್ಲಿ ಪೋಷಿಸಿದವರೂ ಮ್ಯೂನಿಕ್ಕಿನ ಬಿಯರ್ ತಯಾರಕರೇ.

ಈಗ ಪ್ರಕೃತ ವಿಷಯಕ್ಕೆ ಬರೋಣ. ಸ್ಥಿರವಾದ ಉಷ್ಣತೆಯಲ್ಲಿ ದ್ರವದೊಳಗೆ ಲೀನವಾಗುವ ವಾಯುವಿನ ಪರಿಮಾಣವು ಅದರ ಮೇಲಣ ಒತ್ತಡಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ವಿಲಿಯಂ ಹೆನ್ರಿಯು 1803ರಲ್ಲಿ ಪ್ರಕಟಿಸಿದ ನಿಯಮ. ಇದರಲ್ಲಿ 'ಸ್ಥಿರವಾದ ಉಷ್ಣತೆಯಲ್ಲಿ' ಎಂಬ ಮಾತನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಉಪಚಾರದ ಮಾತೆಂದು ಭಾವಿಸಿ ದಾಟಿಬಿಡುತ್ತಾರೆ. ನಮ್ಮ ಸಮಸ್ಯೆಯ ಬೀಜವಿರುವುದು ಅಲ್ಲಿಯೇ. ಒಂದು ವಾಯುಭಾರದ ಒತ್ತಡದಲ್ಲಿ ನೀರು 0° ಸೆಂ.ನಲ್ಲಿ ತನ್ನ ಗಾತ್ರದ ಸುಮಾರು 1.7ರಷ್ಟು ಇಂಗಾಲಾಮ್ಲ ವಾಯುವನ್ನು ಹಿಡಿದಿಟ್ಟುಕೊಳ್ಳಬಲ್ಲುದು; 20°ಯಲ್ಲಿ ಸುಮಾರು 0.9ರಷ್ಟು ಮಾತ್ರ. ಇಪ್ಪತ್ತು ಡಿಗ್ರಿಗಳಲ್ಲಿ ಶಕ್ತಿ ಅರ್ಧಕ್ಕೆ ಇಳಿಯಿತು.

ಸಾಧಾರಣವಾದ ಬಿಯರಿನಲ್ಲಿ ಅದರ ಗಾತ್ರದ ಎರಡೂವರೆಯಷ್ಟು, ಅಂದರೆ ಲೀಟರಿಗೆ ಹತ್ತಿರ ಹತ್ತಿರ 5 ಗ್ರಾಂ, ವಾಯು ಲೀನವಾಗಿರುತ್ತದೆ. ಇದನ್ನು 4° ಸೆಂ.ನಲ್ಲಿ ದ್ರವದೊಳಗೇ ಉಳಿಸಿಕೊಳ್ಳಲು ವಾತಾವರಣದ ಒತ್ತಡಕ್ಕಿಂತ ಸುಮಾರು 0.8 ವಾಯುಭಾರ ಹೆಚ್ಚಾದ ಒತ್ತಡ ಸಾಕು. ಅದೇ ಬಿಯರು 24°ಗೆ ಬೆಚ್ಚಗಾದರೆ ಸುಮಾರು 2.2 ವಾಯುಭಾರ ಬೇಕಾಗುತ್ತದೆ. ಪೀಪಾಯಿಗೆ ಕೊಟ್ಟಿರುವುದು 0.8 ಮಾತ್ರ. ಆದಕಾರಣ ಬೆಚ್ಚನೆಯ ಸ್ತಂಭದೊಳಗಿರುವ ದ್ರವವು ನಲ್ಲಿ ತೆರೆಯುವ ಮುನ್ನವೇ ಅತಿಸಂತೃಪ್ತವಾಗಿರುತ್ತದೆ. ಕೊಳವೆಯ ಮೇಲ್ಭಾಗದಲ್ಲಿ ವಾಯು ಬೇರ್ಪಟ್ಟು ಗುಳ್ಳೆಗಳಾಗಿ ನಿಲ್ಲುತ್ತದೆ.

ಗುಳ್ಳೆ ಹುಟ್ಟುವ ಕ್ರಮವನ್ನೂ ಗಮನಿಸಬೇಕು. ತ್ರಿಜ್ಯ ಚಿಕ್ಕದಾದಷ್ಟೂ ಮೇಲ್ಮೈ ಸೆಳೆತವು ಗುಳ್ಳೆಯನ್ನು ಹೆಚ್ಚು ಬಲದಿಂದ ಅದುಮುತ್ತದೆ. ಆದ್ದರಿಂದ ಒಂದು ಗೊತ್ತಾದ ತ್ರಿಜ್ಯಕ್ಕಿಂತ ಕಿರಿದಾದ ಗುಳ್ಳೆ ಕರಗಿಹೋಗುತ್ತದೆ, ಹಿರಿದಾದದ್ದು ಬೆಳೆಯುತ್ತದೆ. ಬಿಯರಿನ ಮೇಲ್ಮೈ ಸೆಳೆತವನ್ನು ಮೀಟರಿಗೆ 0.045 ನ್ಯೂಟನ್ ಎಂದಿಟ್ಟುಕೊಂಡು ಲೆಕ್ಕ ಮಾಡಿದರೆ, ನಲ್ಲಿಯಿಂದ ಹೊರಬೀಳುವ ಕ್ಷಣದಲ್ಲಿ ಈ ಸಂಧಿತ್ರಿಜ್ಯವು 4°ಯ ಬಿಯರಿಗೆ ಸುಮಾರು 1.1 ಮೈಕ್ರಾನ್, 24°ಯದಕ್ಕೆ ಸುಮಾರು 0.4 ಮೈಕ್ರಾನ್. ಎಂದರೆ, ತಣ್ಣಗಿರುವಾಗ ನಿಷ್ಕ್ರಿಯವಾಗಿ ಬಿದ್ದಿದ್ದ ಎಷ್ಟೋ ಸೂಕ್ಷ್ಮ ಬಿರುಕುಗಳೂ ವಾಯುಕಣಗಳೂ ಬೆಚ್ಚಗಾದ ಕೂಡಲೇ ಗುಳ್ಳೆಗಳ ಬೀಜಗಳಾಗಿ ಎಚ್ಚರಗೊಳ್ಳುತ್ತವೆ. ಕೊಳವೆಯ ಒಳಮೈಯಲ್ಲಿ ಕಾಲಕ್ರಮದಲ್ಲಿ ಕಟ್ಟುವ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಪದರವೂ ಇದೇ ಕೆಲಸವನ್ನು ಮಾಡುತ್ತದೆ. ಎರಡು ವಾರಗಳಿಗೊಮ್ಮೆ ಕೊಳವೆಯನ್ನು ಕ್ಷಾರದ್ರಾವಣದಿಂದ ತೊಳೆಯಬೇಕೆಂಬ ವಿಧಿ ಶುಚಿತ್ವಕ್ಕಾಗಿ ಮಾತ್ರ ಹುಟ್ಟಿದ್ದಲ್ಲ.

ಇಲ್ಲಿ ಜನರು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. ನೊರೆ ಹೆಚ್ಚಾಯಿತೆಂದು ಕಂಡೊಡನೆ ಉರುಳೆಯ ಒತ್ತಡವನ್ನು ಅರ್ಧಕ್ಕೆ ಇಳಿಸುತ್ತಾರೆ. ಹೊರನೋಟಕ್ಕೆ ಇದು ತರ್ಕಸಮ್ಮತವೆಂದೇ ತೋರುತ್ತದೆ. ಆದರೆ ಒತ್ತಡವು 0.4 ವಾಯುಭಾರಕ್ಕೆ ಇಳಿದರೆ ಕೊಳವೆಯಲ್ಲಿ ಅತಿಸಂತೃಪ್ತಿ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಅಲ್ಲದೆ ಕೆಲವು ದಿನಗಳಲ್ಲಿ ಪೀಪಾಯಿಯಲ್ಲಿರುವ ಬಿಯರೆಲ್ಲವೂ ಹೊಸ ಸಮತೋಲಕ್ಕೆ ಬಂದು, ಎರಡೂವರೆ ಪಾಲು ಇದ್ದ ವಾಯು ಎರಡು ಪಾಲಿಗಿಂತಲೂ ಕೆಳಗಿಳಿದು, ಪಾನೀಯ ಸಪ್ಪೆಯಾಗುತ್ತದೆ. ರೋಗವಿರುವುದು ಉಷ್ಣತೆಯಲ್ಲಿ, ಔಷಧ ಕೊಟ್ಟದ್ದು ಒತ್ತಡಕ್ಕೆ. ಒತ್ತಡವನ್ನು ನಲ್ಲಿಯ ಬಾಯಿಗೆ ಬರುವಷ್ಟರಲ್ಲಿ ಮೆಲ್ಲಗೆ ಇಳಿಸುವ ಕೆಲಸವನ್ನು ಕೊಳವೆಯ ಉದ್ದಕ್ಕೆ ಬಿಡಬೇಕು: 4.8 ಮಿಲಿಮೀಟರ್ ಒಳವ್ಯಾಸದ ಕೊಳವೆ ಎರಡರಿಂದ ಮೂರು ಮೀಟರ್ ಇದ್ದರೆ ಘರ್ಷಣೆಯೇ ಆ 0.8 ವಾಯುಭಾರವನ್ನು ನುಂಗುತ್ತದೆ. (ಈ ಲೆಕ್ಕಕ್ಕೆ ಪ್ವಾಸೇಯ ಸೂತ್ರವನ್ನು ಹಾಕಲು ವಿದ್ಯಾರ್ಥಿಗಳು ಆತುರಪಡಬಾರದು. ಸೆಕೆಂಡಿಗೆ 60 ಘನ ಸೆಂಟಿಮೀಟರ್ ಹರಿಯುವಾಗ ರೆನಾಲ್ಡ್ಸ್ ಸಂಖ್ಯೆ ಐದು ಸಾವಿರವನ್ನು ಮೀರುತ್ತದೆ; ಹರಿವು ಪ್ರಕ್ಷುಬ್ಧವಾದದ್ದು.)

ಹಾಗಾದರೆ ಬೆಚ್ಚಗಾಗುವುದು ಯಾವುದು? ಕೊಳವೆಯೊಳಗೆ ನಿಂತ ಬಿಯರೇ ಎಂದು ಹೆಚ್ಚಿನವರ ಊಹೆ. ಆದರೆ ಸ್ತಂಭದೊಳಗಣ 40 ಸೆಂಟಿಮೀಟರ್ ಕೊಳವೆಯಲ್ಲಿ ಹಿಡಿಯುವುದು ಕೇವಲ 7 ಘನ ಸೆಂಟಿಮೀಟರ್, ಒಂದೂವರೆ ಚಹಾ ಚಮಚೆಯಷ್ಟು. ನಿಜವಾದ ಉಷ್ಣಭಂಡಾರವಿರುವುದು ಲೋಹದಲ್ಲಿ. ನಲ್ಲಿ ಮತ್ತು ಅದರ ಹಿಂಗೊಳವೆ ಸೇರಿ 500 ಗ್ರಾಂ ಹಿತ್ತಾಳೆ ಇದೆಯೆನ್ನೋಣ. ಅದು 24°ಯಿಂದ 4°ಗೆ ತಣಿಯಬೇಕಾದರೆ ಸುಮಾರು 4,000 ಜೂಲ್ ಉಷ್ಣವನ್ನು ಬಿಡಬೇಕು. 300 ಗ್ರಾಂ ಬಿಯರಿನ ಉಷ್ಣತೆಯನ್ನು ಮೂರು ಡಿಗ್ರಿಗೂ ಮೇಲೆ ಏರಿಸಲು ಇದು ಸಾಕು; ಮೊದಲು ಬರುವ ನಾಲ್ಕೈದು ಗುಟುಕುಗಳಿಗಂತೂ ಪೆಟ್ಟು ಇನ್ನೂ ಜೋರು. ಮೊದಲನೆಯ ಲೋಟ ಕೆಟ್ಟು ಮೂರನೆಯದು ಸರಿಹೋಗುವುದೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ: ಮೊದಲೆರಡು ಲೋಟಗಳು ನಲ್ಲಿಯನ್ನು ತಣಿಸುವುದಕ್ಕೆ ತೆತ್ತ ಸುಂಕ. ಕುಡಿಯುವ ಪಾತ್ರೆಯೂ ನಿರ್ದೋಷಿಯಲ್ಲ. 300 ಗ್ರಾಂ ತೂಕದ ಗಾಜಿನ ಲೋಟವು ಕೋಣೆಯ ಉಷ್ಣತೆಯಲ್ಲಿದ್ದರೆ ಅದೂ ಮೂರು ಡಿಗ್ರಿಗಿಂತ ಹೆಚ್ಚಾಗಿಯೇ ಬಿಯರನ್ನು ಬೆಚ್ಚಗೆ ಮಾಡುತ್ತದೆ.

ಪರಿಹಾರವು ಸ್ತಂಭವನ್ನೂ ನಲ್ಲಿಯನ್ನೂ ಸದಾ ತಣ್ಣಗಿಡುವುದೇ. ಇದಕ್ಕೆ ಎಷ್ಟು ಶೈತ್ಯ ಬೇಕು? 7.5 ಸೆಂಟಿಮೀಟರ್ ವ್ಯಾಸ, 35 ಸೆಂಟಿಮೀಟರ್ ಎತ್ತರದ ಸ್ತಂಭದ ಒಳಗೋಡೆಗೆ ಸ್ಪಂಜಿನಂಥ ಉಷ್ಣನಿರೋಧಕವನ್ನು ಒಂದೂಕಾಲು ಸೆಂಟಿಮೀಟರ್ ದಪ್ಪ ಹೊದಿಸಿದರೆ ಒಳಗೆ ನುಗ್ಗುವ ಉಷ್ಣ ಸುಮಾರು 4 ವಾಟ್. ಬಯಲಿಗೆ ಚಾಚಿದ ನಲ್ಲಿಯ ಮೂಲಕ ಇನ್ನೆರಡು ವಾಟ್. ಒಟ್ಟು ಆರು, ಒಂದು ಪುಟ್ಟ ದೀಪದ ಲೆಕ್ಕ. ಇದನ್ನು ಒಯ್ಯಲು ಹಲವರು ಕೊಳವೆಗೆ ತಾಮ್ರದ ತೋಳನ್ನು ತೊಡಿಸಿ ಕೆಳತುದಿಯನ್ನು ರೆಫ್ರಿಜರೇಟರಿನೊಳಗೆ ಇಳಿಬಿಡುತ್ತಾರೆ. ತಾಮ್ರವು ಉತ್ತಮ ವಾಹಕವೆಂಬ ಖ್ಯಾತಿಯೇ ಇದಕ್ಕೆ ಆಧಾರ. ಆದರೆ ಗೋಡೆ 1 ಮಿಲಿಮೀಟರ್ ದಪ್ಪ, ವ್ಯಾಸ ಒಂದೂವರೆ ಸೆಂಟಿಮೀಟರ್, ಉದ್ದ 40 ಸೆಂಟಿಮೀಟರ್ ಇರುವ ತಾಮ್ರದ ತೋಳು ತುದಿಗಳ ನಡುವೆ 10° ಅಂತರವಿದ್ದರೂ ಒಯ್ಯುವುದು ಅರ್ಧ ವಾಟ್ ಮಾತ್ರ. ಖ್ಯಾತಿ ದೊಡ್ಡದು, ಅಡ್ಡಕೊಯ್ತ ಸಣ್ಣದು.

ಇದಕ್ಕಿಂತ ಗಾಳಿಯೇ ಮೇಲು. ಒಂದು ಘನ ಮೀಟರ್ ಗಾಳಿ ಒಂದು ಡಿಗ್ರಿ ಏರುವಾಗ 1,200 ಜೂಲ್ ಹೀರುತ್ತದೆ. ಆರು ವಾಟ್ ಉಷ್ಣವನ್ನು ಎರಡೇ ಡಿಗ್ರಿಗಳ ಏರಿಕೆಯಲ್ಲಿ ಒಯ್ಯಬೇಕಾದರೆ ಸೆಕೆಂಡಿಗೆ ಎರಡೂವರೆ ಲೀಟರ್ ಗಾಳಿ ಸಾಕು. ಗಣಕಯಂತ್ರಗಳಲ್ಲಿ ಬಳಸುವ ಅಂಗೈಗಿಂತ ಕಿರಿದಾದ ಬೀಸಣಿಗೆಯೊಂದನ್ನು ರೆಫ್ರಿಜರೇಟರಿನ ತಳದಲ್ಲಿಟ್ಟು, ಅಲ್ಲಿಯ ತಣ್ಣನೆಯ ಗಾಳಿಯನ್ನು ಒಂದು ಮೆತುಗೊಳವೆಯ ಮೂಲಕ ಸ್ತಂಭದ ನೆತ್ತಿಗೆ, ನಲ್ಲಿಯ ಬೆನ್ನಿಗೇ ತಾಗುವಂತೆ, ಊದಿಸಬೇಕು. ಗಾಳಿ ತಾನಾಗಿಯೇ ಸ್ತಂಭದೊಳಗಿನಿಂದ ಹಿಂದಿರುಗುತ್ತದೆ. ಹಿಂದಿರುಗುವ ದಾರಿ ಮುಚ್ಚಿದ್ದರೆ ಬೀಸಣಿಗೆ ಎಷ್ಟು ತಿರುಗಿದರೂ ಪ್ರಯೋಜನವಿಲ್ಲ. ಸ್ತಂಭದ ಬುಡದಲ್ಲಿಯೂ ಮುಚ್ಚಳದಲ್ಲಿಯೂ ಸಂದುಗಳನ್ನು ಬಿಡಬಾರದು. ಬಿಟ್ಟರೆ ಹೊರಗಿನ ತೇವದ ಗಾಳಿ ಒಳಸೇರಿ ನೀರಾಗುತ್ತದೆ, ಪ್ರತಿ ಗ್ರಾಂ ನೀರಿಗೂ ಸುಮಾರು 2,450 ಜೂಲ್ ಗುಪ್ತೋಷ್ಣವನ್ನು ಒಳಗೆ ಸುರಿಯುತ್ತದೆ. 25°ಯಲ್ಲಿ ನೂರಕ್ಕೆ 60ರಷ್ಟು ತೇವವಿರುವ ಗಾಳಿಯ ತುಷಾರಬಿಂದು ಸುಮಾರು 17°. ಆದ್ದರಿಂದ ತಣ್ಣಗಿರುವ ನಲ್ಲಿಯ ಹೊರಮೈ ಬೆವರುವುದು ಅನಿವಾರ್ಯ. ಅದು ದೋಷವಲ್ಲ, ವ್ಯವಸ್ಥೆ ಕೆಲಸ ಮಾಡುತ್ತಿರುವುದರ ಗುರುತು.

ಪೀಪಾಯಿ ನೆಲಮಾಳಿಗೆಯಲ್ಲಿದ್ದು ನಲ್ಲಿ ಮೇಲಿನ ಕೋಣೆಯಲ್ಲಿದ್ದರೆ ಗಾಳಿಯಿಂದ ಸಾಗದು. ಪಾನಗೃಹಗಳಲ್ಲಿರುವಂತೆ ಬಿಯರಿನ ಕೊಳವೆಗಳ ನಡುವೆ ಶೀತದ್ರವದ ಕೊಳವೆಯನ್ನು ಸೇರಿಸಿ, ಎಲ್ಲವನ್ನೂ ಒಂದೇ ನಿರೋಧಕದಲ್ಲಿ ಸುತ್ತಿ, ಗ್ಲೈಕಾಲ್ ಬೆರೆಸಿದ ನೀರನ್ನು ಶೂನ್ಯಕ್ಕಿಂತ ಒಂದೆರಡು ಡಿಗ್ರಿ ಕೆಳಗೆ ತಣಿಸಿ ಹರಿಯಿಸಬೇಕಾಗುತ್ತದೆ. ಇನ್ನೂ ಕೆಳಗೆ ಇಳಿಸಿದರೆ ಬಿಯರೇ ಹೆಪ್ಪುಗಟ್ಟೀತು. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಬಳಸಬೇಕಾದದ್ದು ಆಹಾರದರ್ಜೆಯ ಪ್ರೊಪಿಲೀನ್ ಗ್ಲೈಕಾಲ್. ಮೋಟಾರು ವಾಹನಗಳ ಶೀತಕದಲ್ಲಿರುವ ಎಥಿಲೀನ್ ಗ್ಲೈಕಾಲ್ ಮೂತ್ರಪಿಂಡಗಳನ್ನು ನಾಶಮಾಡುವ ವಿಷ, ಅದರ ರುಚಿಯೋ ಸಿಹಿ. ಸೋರಿ ಬೆರೆತರೆ ನಾಲಗೆ ಎಚ್ಚರಿಸುವುದಿಲ್ಲ.

ಸ್ಥಳದ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಹೆನ್ರಿಯ ನಿಯಮದಲ್ಲಿ ಬರುವುದು ಪೂರ್ಣ ಒತ್ತಡ. ಮಾಪಕ ತೋರುವುದು ವಾತಾವರಣದ ಮೇಲಣ ಒತ್ತಡ. ಸುಮಾರು 1,600 ಮೀಟರ್ ಎತ್ತರದ ಡೆನ್ವರ್ ನಗರದಲ್ಲಿ ವಾತಾವರಣದ ಒತ್ತಡ 0.83 ವಾಯುಭಾರ, 900 ಮೀಟರನ್ನು ಮೀರಿದ ನಮ್ಮ ಬೆಂಗಳೂರಿನಲ್ಲಿ 0.9ರ ಸುಮಾರು. ಆದ್ದರಿಂದ ಮಾಪಕದಲ್ಲಿ ಅಲ್ಲಿ 0.17, ಇಲ್ಲಿ 0.1 ಹೆಚ್ಚಿಗೆ ಇಡಬೇಕಾಗುತ್ತದೆ. ಬೆಂಗಳೂರಿನ ಕಿರು ಬಿಯರ್ ತಯಾರಿಕಾಗಾರಗಳಿಗೂ ಈ ಲೆಕ್ಕ ಅನ್ವಯಿಸುತ್ತದೆ.

ಕಡೆಯದಾಗಿ, ನೊರೆಗಿಂತ ಗುರುತರವಾದ ವಿಷಯವೊಂದಿದೆ. ಗೃಹೋಪಯೋಗಿ ಉರುಳೆಯಲ್ಲಿ ಸಾಮಾನ್ಯವಾಗಿ 2.27 ಕಿಲೋಗ್ರಾಂ ಇಂಗಾಲಾಮ್ಲ ವಾಯು ದ್ರವರೂಪದಲ್ಲಿರುತ್ತದೆ. ಅದು ಹೊರಬಿದ್ದರೆ ಕೋಣೆಯ ಉಷ್ಣತೆಯಲ್ಲಿ ಒಂದೂಕಾಲು ಘನ ಮೀಟರಿನಷ್ಟಾಗುತ್ತದೆ. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಕೋಣೆಯ ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು. ಪ್ರಾಣಕ್ಕೆ ಕೂಡಲೇ ಅಪಾಯಕರವೆಂದು ಕೆಲಸಗಾರರ ರಕ್ಷಣಾನಿಯಮಗಳು ಗೊತ್ತುಮಾಡಿರುವ ಮಿತಿಯೂ ನೂರಕ್ಕೆ ನಾಲ್ಕೇ. ಈ ವಾಯು ಗಾಳಿಗಿಂತ ಒಂದೂವರೆ ಪಾಲು ಭಾರವಾದ್ದರಿಂದ ಮುಚ್ಚಿದ ನೆಲಮಾಳಿಗೆಯಲ್ಲಿ ತಳಮಟ್ಟದಲ್ಲಿಯೇ ನಿಲ್ಲುತ್ತದೆ. ಬಣ್ಣವಾಗಲಿ ವಾಸನೆಯಾಗಲಿ ಇದರ ಸುಳಿವನ್ನು ಕೊಡದು. ಸ್ತಂಭವನ್ನು ತಣಿಸುವ ಸಲುವಾಗಿ ಸಂದುಗಳನ್ನೆಲ್ಲ ಬಿಗಿಮಾಡುವವರು ಉರುಳೆಯ ಜೋಡಣೆಗಳನ್ನು ಸಾಬೂನಿನ ನೀರಿನಿಂದ ಪರೀಕ್ಷಿಸಬೇಕು, ಕೋಣೆಗೆ ಗಾಳಿಯ ಸಂಚಾರವಿರಿಸಬೇಕು, ವಾಯುವನ್ನು ಅಳೆಯುವ ಉಪಕರಣವನ್ನು ಗೋಡೆಯ ಮೇಲ್ಭಾಗದಲ್ಲಲ್ಲದೆ ನೆಲದಿಂದ ಮೊಳದೆತ್ತರದಲ್ಲಿ ತೂಗುಹಾಕಬೇಕು.