ಹಳೆಯ ಕಾರಿಗೆ ಹೊಸ ಪೆಟ್ರೋಲ್: ಟ್ಯಾಂಕ್, ಪೈಪುಗಳತ್ತ ಗಮನವಿರಲಿ

ಅಪ್ಪನ ಕಾಲದ ಅಂಬಾಸಡರ್ ಅಥವಾ ಪ್ರೀಮಿಯರ್ ಪದ್ಮಿನಿಯನ್ನು ಮಕ್ಕಳಂತೆ ಸಾಕುವವರು ನಮ್ಮ ನಗರಗಳಲ್ಲಿ ಇಂದಿಗೂ ಇದ್ದಾರೆ. ಹೊರಮೈಯ ಬಣ್ಣ, ಸೀಟಿನ ಹೊದಿಕೆಗೆ ಸಾವಿರಾರು ರೂಪಾಯಿ ಸುರಿಯುವ ಇವರು ಹಿಂಬದಿಯ ಪೆಟ್ರೋಲ್ ಟ್ಯಾಂಕನ್ನು ಇಣುಕಿ ನೋಡುವುದು ಮಾತ್ರ ಅಪರೂಪ. ಕಾರಿಗೆ ಬೆಂಕಿ ತಗಲುವ ಅಪಾಯ ಅಡಗಿರುವುದು ಅಲ್ಲಿಯೇ.

ಬದಲಾದದ್ದು ಪೆಟ್ರೋಲ್

ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ದೇಶದಲ್ಲಿ ಬಿಡುಗಡೆಯಾದದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲಿ. 2025ರ ವೇಳೆಗೆ ಈ ಮಿಶ್ರಣ ದೇಶದೆಲ್ಲೆಡೆ ಸಾಮಾನ್ಯವಾಯಿತು. ಈ ಇಂಧನವನ್ನು ಎಣಿಸಿಯೇ ಇರದ ಕಾಲದಲ್ಲಿ ತಯಾರಾದ ಕಾರುಗಳಿಗೆ ಇದರಿಂದ ಮೂರು ತೊಂದರೆಗಳಿವೆ.

ಮೊದಲನೆಯದಾಗಿ, ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ನೀರಿನಂಶ ಮಿತಿ ಮೀರಿದರೆ ನೀರು ಮತ್ತು ಎಥೆನಾಲ್ ಕೂಡಿ ಪ್ರತ್ಯೇಕ ಪದರವಾಗಿ ಟ್ಯಾಂಕಿನ ತಳ ಸೇರುತ್ತವೆ. ತಗಡಿಗೆ ತುಕ್ಕು ಹಿಡಿಯುವುದು ಅಲ್ಲಿಂದಲೇ. ಎರಡನೆಯದಾಗಿ, ಹಳೆಯ ರಬ್ಬರ್ ಕೊಳವೆಗಳು, ಪಂಪಿನ ಡಯಾಫ್ರಮ್, ಕಾರ್ಕ್ ವಾಷರುಗಳು ಉಬ್ಬಿ, ಮೆತ್ತಗಾಗಿ, ಕೊನೆಗೆ ಬಿರುಕು ಬಿಡುತ್ತವೆ. ಮೂರನೆಯದಾಗಿ, ದಶಕಗಳಿಂದ ಅಂಟಿಕೊಂಡಿದ್ದ ಕೊಳೆಯನ್ನು ಎಥೆನಾಲ್ ಸಡಿಲಿಸುವುದರಿಂದ ಫಿಲ್ಟರ್ ಮತ್ತು ಕಾರ್ಬುರೇಟರ್ ಕಟ್ಟಿಕೊಳ್ಳುತ್ತವೆ.

ಹಳೆಯ ಅಂಬಾಸಡರಿನ 1489 ಸಿ.ಸಿ. ಎಂಜಿನಿನಲ್ಲಿ ಕಾರ್ಬುರೇಟರ್ ಇರುವುದು ಹೊಗೆ ಹೊರಹೋಗುವ ಮ್ಯಾನಿಫೋಲ್ಡಿನ ಬದಿಯಲ್ಲಿಯೇ, ಅದಕ್ಕಿಂತ ಎತ್ತರದಲ್ಲಿ. ಬಿರುಕು ಬಿಟ್ಟ ಕೊಳವೆಯಿಂದ ತೊಟ್ಟಿಕ್ಕುವ ಪೆಟ್ರೋಲ್ ಬೀಳುವುದು ಕಾದ ಕಬ್ಬಿಣದ ಮೇಲೆ. ಮುಂದಿನದನ್ನು ಹೇಳಬೇಕಾಗಿಲ್ಲ.

ಟ್ಯಾಂಕ್: ರಿಪೇರಿಯೋ, ಹೊಸತೋ?

ಮೊದಲು ಬ್ಯಾಟರಿಯ ಸಂಪರ್ಕ ಕಳಚಿ, ಗಾಳಿಯಾಡುವ ಬಯಲಿನಲ್ಲಿ ಪೆಟ್ರೋಲನ್ನು ಪೂರ್ತಿ ಬಸಿಯಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲಮಟ್ಟದಲ್ಲಿ ಹರಿದು ದೂರದ ಕಿಡಿಯನ್ನೂ ಮುಟ್ಟಬಲ್ಲದು. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ ಎಂಬುದನ್ನು ಮರೆಯದಿರಿ. ಒಳಗೆ ಉಳಿದ ಆವಿ ವೆಲ್ಡಿಂಗ್ ಕಿಡಿಗೆ ಸಿಡಿಯುತ್ತದೆ. ಆದ್ದರಿಂದ ತೂತು ಮುಚ್ಚಲು ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಗೆ ಒಯ್ಯುವುದು ಸಲ್ಲದು. ಟ್ಯಾಂಕನ್ನು ಆವಿ ಉಳಿಯದಂತೆ ಶುದ್ಧಗೊಳಿಸಿ ಕೆಲಸ ಮಾಡುವ ನುರಿತವರಿಗೇ ಇದನ್ನು ಒಪ್ಪಿಸಬೇಕು.

ಮೇಲ್ಪದರದ ತುಕ್ಕಷ್ಟೇ ಆದರೆ ತೊಳೆದು, ಒಳಗೆ ಲೇಪನ ಕೊಡಿಸಬಹುದು. ಆದರೆ ಆ ಲೇಪನ ಎಥೆನಾಲಿಗೆ ಕರಗದ ಬಗೆಯದಾಗಿರಬೇಕು; ಹಳೆಯ ಬಗೆಯ ಕೆಲವು ಲೇಪನಗಳು ಸಿಪ್ಪೆಯಾಗಿ ಕಳಚಿ ಪೈಪನ್ನು ಕಟ್ಟುತ್ತವೆ. ತಗಡು ತೆಳುವಾಗಿದ್ದರೆ ಸ್ಟೇನ್‌ಲೆಸ್ ಸ್ಟೀಲಿನ ಹೊಸ ಟ್ಯಾಂಕ್ ಮಾಡಿಸುವುದೇ ಲೇಸು. ಗಾಳಿ ಕಿಂಡಿಯನ್ನು ಮುಚ್ಚಬಾರದು. ಮುಚ್ಚಿದರೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಪಂಪಿಗೆ ಪೆಟ್ರೋಲ್ ಸಿಗದು. ಟ್ಯಾಂಕನ್ನು ರಬ್ಬರ್ ಪಟ್ಟಿಯ ಮೇಲೆ ಕೂರಿಸಿದಾಗ ಪ್ರತ್ಯೇಕ ಅರ್ಥಿಂಗ್ ತಂತಿ ಕೊಡದಿದ್ದರೆ ಪೆಟ್ರೋಲ್ ಮುಳ್ಳು ಸುಳ್ಳು ಹೇಳುತ್ತದೆ.

ಪೈಪುಗಳ ಆಯ್ಕೆ

ಚಾಸಿಯ ಉದ್ದಕ್ಕೂ ಹೋಗುವ ಲೋಹದ ಪೈಪಿಗೆ ಸಾದಾ ತಾಮ್ರ ಬೇಡ. ನಿರಂತರ ಕಂಪನಕ್ಕೆ ಅದು ಗಡುಸಾಗಿ ಸೀಳುತ್ತದೆ. ತಾಮ್ರ ಮತ್ತು ನಿಕ್ಕಲ್ ಮಿಶ್ರಲೋಹ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಬಾಳಿಕೆ ಬರುತ್ತದೆ. ಪೈಪು ಸೈಲೆನ್ಸರಿನಿಂದ ದೂರವಿರಲಿ, ಅಲ್ಲಲ್ಲಿ ಕ್ಲಿಪ್ಪಿನಿಂದ ಬಿಗಿದಿರಲಿ, ತಗಡನ್ನು ತೂರುವೆಡೆ ರಬ್ಬರ್ ಬಳೆ ಇರಲಿ.

ಬಗ್ಗುವ ಕೊಳವೆ ಆದಷ್ಟು ಕಡಿಮೆ ಇರಬೇಕು. ಒಳಪದರ ಫ್ಲೋರೋ ರಬ್ಬರಿನದಾಗಿದ್ದು, ಮೈಮೇಲೆ ‘ಎಸ್‌ಎಇ ಜೆ30 ಆರ್9’ ಎಂಬ ಗುರುತುಳ್ಳ ಕೊಳವೆ ಎಥೆನಾಲನ್ನು ತಾಳುತ್ತದೆ. ಇದು ಬೆಲೆಯಲ್ಲಿ ದುಬಾರಿ. ಆದರೆ ಬೇಕಾಗುವುದು ಎರಡು ಮೂರು ತುಂಡು ಮಾತ್ರ. ಜೊತೆಗೇ ಪಂಪಿನ ಡಯಾಫ್ರಮ್ ಮತ್ತು ಕಾರ್ಬುರೇಟರಿನ ವಾಷರುಗಳನ್ನೂ ಬದಲಿಸದಿದ್ದರೆ ಕೆಲಸ ಅರ್ಧವಾದಂತೆ.

ಎಲ್ಲ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ, ಪ್ರತಿ ಜೋಡಣೆಯನ್ನೂ ಒಣ ಬಟ್ಟೆಯಿಂದ ಒರೆಸಿ ನೋಡಿ. ಅಗ್ನಿಶಾಮಕ ಸಿಲಿಂಡರ್ ಕೈಗೆಟಕುವಂತಿರಲಿ. ಮೊದಲ ಕೆಲವು ವಾರ ಫಿಲ್ಟರನ್ನು ಮತ್ತೆ ಮತ್ತೆ ಪರೀಕ್ಷಿಸಿ. ಎಥೆನಾಲಿನ ಶಾಖಶಕ್ತಿ ಪೆಟ್ರೋಲಿನ ಸುಮಾರು ಮೂರನೆಯ ಎರಡರಷ್ಟು ಮಾತ್ರ. ಆದ್ದರಿಂದ ಮೈಲೇಜ್ ತುಸು ಇಳಿದರೆ ಅದು ನಿಮ್ಮ ಕೆಲಸದ ದೋಷವಲ್ಲ.

ಮೂಲರೂಪದ ಪ್ರಶ್ನೆ

ಮೂಲ ಬಿಡಿಭಾಗ ತೆಗೆದರೆ ಕಾರಿನ ಬೆಲೆ ಕುಸಿದೀತು ಎಂಬುದು ಹಲವರ ಅಳುಕು. 50 ವರ್ಷ ಮೀರಿದ ವಾಹನಗಳ ವಿಂಟೇಜ್ ನೋಂದಣಿಗೆ 2021ರಲ್ಲಿ ಬಂದ ಕೇಂದ್ರದ ನಿಯಮವೂ ಮೂಲರೂಪಕ್ಕೆ ಒತ್ತು ಕೊಡುತ್ತದೆ. ಹಾಗೆಂದು ಹಳೆಯ ಟ್ಯಾಂಕನ್ನು ಗುಜರಿಗೆ ಹಾಕಬೇಕಾಗಿಲ್ಲ. ಶುಚಿಗೊಳಿಸಿ, ಎಣ್ಣೆ ಸವರಿ ಅಟ್ಟದ ಮೇಲಿಟ್ಟರೆ ಮುಂದೊಂದು ದಿನ ಮರಳಿ ಜೋಡಿಸಬಹುದು. ಸುಟ್ಟು ಹೋದ ಅಂಬಾಸಡರನ್ನು ಮರಳಿ ತರಲಾಗದು. ಅದನ್ನು ತಯಾರಿಸುತ್ತಿದ್ದ ಉತ್ತರಪಾರದ ಕಾರ್ಖಾನೆ 2014ರಲ್ಲೇ ಉತ್ಪಾದನೆ ನಿಲ್ಲಿಸಿದೆ.